ಮರವೋ, ವಿನೈಲೋ

ಅಡುಗೆಮನೆಯ ಸಿಂಕಿನ ಕೆಳಗಿನ ಪೈಪು ಯಾವಾಗಿನಿಂದ ಸೋರುತ್ತಿತ್ತೋ ಯಾರಿಗೂ ಗೊತ್ತಿರಲಿಲ್ಲ. ನೀರು ಗೋಡೆಯಡಿ ನುಸುಳಿ, ಮುಂದಿನ ಕೋಣೆಯ ಕಾರ್ಪೆಟ್ಟಿನ ಕೆಳಗೆ ಸದ್ದಿಲ್ಲದೆ ಹರಡಿ, ಅಲ್ಲಿದ್ದ ಹಳೇ ಹಲಗೆಗಳನ್ನೆಲ್ಲ ಟೀಯಲ್ಲಿ ಅದ್ದಿದ ರಸ್ಕಿನ ಹಾಗೆ ಮಾಡಿಟ್ಟಿತ್ತು. ಒಂದು ಬೆಳಿಗ್ಗೆ ಅಜ್ಜಿ ಕುರ್ಚಿ ಎಳೆದುಕೊಂಡು ಕೂತರೆ, ಕುರ್ಚಿಯ ಹಿಂಗಾಲು ನೆಲದೊಳಗೆ ಇಳಿದೇ ಹೋಯಿತು. ಅಜ್ಜಿಗೆ ಏಟಾಗಲಿಲ್ಲ. ಕೈಲಿದ್ದ ಲೋಟ ಕೂಡ ಬೀಳಲಿಲ್ಲ. ಅವರು ನಿಧಾನವಾಗಿ ಎದ್ದು, ಮಂಡಿಯೂರಿ, ಆ ತೂತಿಗೆ ಬೆರಳು ಹಾಕಿ ಕೆಳಗೆ ಏನಿದೆಯೆಂದು ತಡಕಾಡಿದರು. ಸೊಸೆಯನ್ನು ಕೂಗಿದ್ದು ಆಮೇಲೆ.

ಅಜ್ಜಿಯ ಸ್ವಭಾವವೇ ಹಾಗೆ. ಅವರು ವಯಸ್ಸೆಲ್ಲ ಸವೆಸಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಆಪರೇಟರ್ ಆಗಿ. ಇನ್ನೊಬ್ಬರ ಮಾತಿಗೆ ಕಿವಿ ಕೊಡಬಾರದು ಅನ್ನುವುದು ಅಲ್ಲಿಯ ನಿಯಮ. ಕಿವಿ ಕೊಟ್ಟೂ ಕೊಡದವರಂತೆ ಮುಖ ಮಾಡಿಕೊಂಡಿರುವುದು ಅಲ್ಲಿಯ ಅಭ್ಯಾಸ. ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಅಭ್ಯಾಸ ಮಾತ್ರ ಬಿಟ್ಟಿರಲಿಲ್ಲ.

ಮನೆಯಲ್ಲಿದ್ದದ್ದು ಮೂವರೇ. ಅಜ್ಜಿ, ಸೊಸೆ, ಮೊಮ್ಮಗಳು. ಮಗ ಕಾಯಿಲೆಯಲ್ಲಿ ತೀರಿಕೊಂಡು ಆರು ವರ್ಷವಾಗಿತ್ತು. ಸೊಸೆ ದೊಡ್ಡಾಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಕೂತು, ಬಂದವರ ಹೆಸರು, ವಯಸ್ಸು, ಏನು ತೊಂದರೆ ಎಂಬುದನ್ನೆಲ್ಲ ದಿನವಿಡೀ ಕಂಪ್ಯೂಟರಿಗೆ ತುಂಬುವವಳು. ಕಾಯಂ ಕೆಲಸ. ಮೊಮ್ಮಗಳು ಕಾಲೇಜಿಗೆ ಹೋಗುತ್ತಿದ್ದಳು. ವಯಸ್ಸು ಹದಿನೇಳು, ಬಾಯಿ ಮಾತ್ರ ಅದಕ್ಕಿಂತ ದೊಡ್ಡದು ಎಂದು ಅಜ್ಜಿ ಹೇಳುತ್ತಿದ್ದರು.

ಪೈಪು ರಿಪೇರಿಯಾಯಿತು. ಕಾರ್ಪೆಟ್ಟು ಸುತ್ತಿ ಬೀದಿಗೆ ಹೋಯಿತು, ಕೊಳೆತ ಹಲಗೆಗಳೂ ಅದರ ಹಿಂದೆಯೇ ಹೋದವು. ಉಳಿದದ್ದು ಬೂದು ಬಣ್ಣದ ಬರೀ ಸಿಮೆಂಟು. ಸೋಫಾ ಮಲಗುವ ಕೋಣೆಗೆ ಬಂತು, ಟೀವಿ ಫ್ರಿಜ್ಜಿನ ಮೇಲೆ ಹತ್ತಿತು. ಅಡುಗೆಮನೆಯ ಪುಟ್ಟ ಮೇಜಿಗೆ ಮೂವರೂ ಮಂಡಿಗೆ ಮಂಡಿ ತಾಗಿಸಿಕೊಂಡು ಊಟಕ್ಕೆ ಕೂರಬೇಕಾಯಿತು. ಒಬ್ಬರು ನೀರಿಗೆ ಎದ್ದರೆ ಇನ್ನಿಬ್ಬರೂ ಏಳಬೇಕು.

ಹೊಸ ನೆಲ ಯಾವುದು ಹಾಕಿಸುವುದು ಎಂಬ ಮಾತು ಆ ಮೇಜಿನ ಮೇಲೇ ಶುರುವಾಯಿತು. ಗಟ್ಟಿಮರದ್ದೋ, ಪ್ಲಾಸ್ಟಿಕ್ಕಿನಂಥ ವಿನೈಲೋ? ಮೊಮ್ಮಗಳಿಗೆ ಯಾವುದಾದರೂ ಸರಿ, ಬೇಗ ಆಗಬೇಕು, ಅಷ್ಟೇ. ಅಜ್ಜಿಗೆ ಎರಡರ ಬಗ್ಗೆಯೂ ಏನೂ ಗೊತ್ತಿರಲಿಲ್ಲವಾದ್ದರಿಂದ ಎರಡರ ಬಗ್ಗೆಯೂ ಎಲ್ಲ ಗೊತ್ತಾಗಬೇಕಿತ್ತು. ಸೊಸೆ, ತಾನೇ ವಿಚಾರಿಸಿಕೊಂಡು ಬರುತ್ತೇನೆ, ಆಸ್ಪತ್ರೆಯಿಂದ ಬರುವ ದಾರಿಯಲ್ಲೇ ನೆಲಹಾಸಿನ ಅಂಗಡಿಯೊಂದಿದೆ ಎಂದಳು.

ಮೊದಲ ಸಲ ಹೋದವಳು ಎರಡು ತುಂಡು ತಂದಳು, ಒಂದು ಮರದ್ದು, ಒಂದು ವಿನೈಲಿನದು. ಅಜ್ಜಿ ಅವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಪರೀಕ್ಷೆಗೆ ಇಳಿದರು. ಎರಡರ ಮೇಲೂ ಟೀ ಸುರಿದರು. ಒದ್ದೆ ಬಟ್ಟೆ ಹಾಕಿ ಮಾರನೇ ದಿನದವರೆಗೆ ಬಿಟ್ಟರು. ಮೇಲಿನಿಂದ ಸೌಟು ಬೀಳಿಸಿದರು. ವಿನೈಲು ನೀರಿಗೆ ಜಗ್ಗಲಿಲ್ಲ, ಆದರೆ ಮೇಜಿನ ಕಾಲಿನಡಿ ಇಟ್ಟರೆ ಒಂದು ಗುಳಿ ಬಿದ್ದು ಅದು ಮತ್ತೆ ಮೇಲೇಳಲೇ ಇಲ್ಲ. ಮರಕ್ಕೆ ನೀರಿನ ಕಲೆ ಹತ್ತಿತು, ಆದರೆ ಸೊಸೆ ಮರಳು ಕಾಗದದಿಂದ ನಾಲ್ಕು ಸಲ ಉಜ್ಜಿದ್ದೇ ಕಲೆ ಮಾಯವಾಯಿತು.

"ಮರಳು ಕಾಗದ ಎಲ್ಲಿತ್ತು ನಿನ್ನ ಹತ್ರ?" ಅಂದರು ಅಜ್ಜಿ.

ಅಂಗಡಿಯಲ್ಲಿ ಕೊಟ್ಟರು ಎಂದು ಸೊಸೆ ತುಂಡನ್ನು ತಿರುಗಿಸಿ ಅದರ ಅಂಚು ನೋಡತೊಡಗಿದಳು.

ಎರಡನೇ ವಾರ ಇನ್ನೂ ಮೂರು ತುಂಡು ಬಂದವು. ಮೂರನೇ ವಾರ ಕಿಟಕಿಯ ಕಟ್ಟೆಯಲ್ಲಿ ಜಾಗ ಸಾಲದೆ ಬ್ರೆಡ್ಡಿನ ಡಬ್ಬಿ ಕೆಳಗಿಳಿಯಿತು. ಸೊಸೆ ಮನೆಗೆ ಬರುವುದು ತಡವಾಗತೊಡಗಿತು. ಕೇಳಿದರೆ, ಇನ್ನೂ ತೀರ್ಮಾನ ಆಗಿಲ್ಲ ಅತ್ತೆ, ಇನ್ನೊಂದು ಸಲ ನೋಡಬೇಕು ಎನ್ನುತ್ತಿದ್ದಳು. ಇದೇ ಸೊಸೆ ಫ್ರಿಜ್ಜನ್ನು ಒಂದೇ ಮಧ್ಯಾಹ್ನದಲ್ಲಿ ಕೊಂಡವಳು. ಗಂಡನ ಅಂಗಿಗಳನ್ನೆಲ್ಲ ಒಂದೇ ದಿನದಲ್ಲಿ ಮಡಿಸಿ ಕೊಟ್ಟುಬಿಟ್ಟವಳು. ತೀರ್ಮಾನಕ್ಕೆ ತಿಣುಕುವ ಹೆಂಗಸಲ್ಲ ಇವಳು ಎಂದು ಅಜ್ಜಿಗೆ ಗೊತ್ತಿತ್ತು.

ಇನ್ನೂ ಕೆಲವು ಸಂಗತಿಗಳು ಕಣ್ಣಿಗೆ ಬಿದ್ದವು. ಸೊಸೆ ಈಗ ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದಳು. ಪಾತ್ರೆ ತೊಳೆಯುವಾಗ ಬಾಯೊಳಗೇ ಏನೋ ಹಾಡಿಕೊಳ್ಳುತ್ತಿದ್ದಳು. ಹೆಬ್ಬೆರಳಿಗೆ ಪ್ಲಾಸ್ಟರ್ ಸುತ್ತಿತ್ತು. ಆಸ್ಪತ್ರೆಯಲ್ಲಿ ಕಾಗದದ ಅಂಚು ತಾಗಿತು ಎಂದಳು. ಕಾಗದ ಅಷ್ಟಗಲ ಕುಯ್ಯುತ್ತದೆಯೇ ಎಂದು ಅಜ್ಜಿ ಕೇಳಲಿಲ್ಲ, ಮನಸ್ಸಿನಲ್ಲಿಟ್ಟುಕೊಂಡರು.

ಬಾಯಿಬಿಟ್ಟದ್ದು ಮೊಮ್ಮಗಳು. ಒಂದು ದಿನ ಕಾಲೇಜಿನಿಂದ ಬಂದವಳೇ ಬ್ಯಾಗನ್ನು ಸಿಮೆಂಟಿನ ಮೇಲೆ ಎಸೆದು, ಬಸ್ಸಿನಿಂದ ಅಮ್ಮನನ್ನು ನೋಡಿದೆ ಎಂದಳು. ಅಂಗಡಿಯ ಹಿಂದಿನ ಅಂಗಳದಲ್ಲಿ ನಿಂತಿದ್ದಳಂತೆ. ಅಂಗಡಿಯವನೂ ಇದ್ದನಂತೆ. ಇಬ್ಬರೂ ನಗುತ್ತಿದ್ದರಂತೆ.

"ನಕ್ಕರೆ ಏನಾಯ್ತೇ?"

"ಅಮ್ಮ ಹಾಗೆ ನಗೋದು ನಾನು ನೋಡೇ ಇಲ್ಲ ಅಜ್ಜಿ. ಹೊಟ್ಟೆ ಹಿಡ್ಕೊಂಡು ನಗ್ತಾ ಇದ್ಲು."

ಆ ಸಂಜೆಯ ಊಟ ಊಟದಂತಿರಲಿಲ್ಲ. ಸೊಸೆ ಮೊಟ್ಟೆ ಬೇಯಿಸಿ ಇಟ್ಟಳು. ಮೊಮ್ಮಗಳು ತನ್ನ ಮೊಟ್ಟೆಯನ್ನು ತಟ್ಟೆಯಲ್ಲಿ ಉರುಳಿಸುತ್ತ, ಒಂದು ನೆಲ ಆರಿಸಲು ಎಷ್ಟು ವಾರ ಬೇಕು ಎಂದು ಕೇಳಿದಳು. ಸರಿಯಾಗಿ ಆರಿಸಬೇಕಾದರೆ ಬೇಕಾಗುತ್ತೆ ಎಂದಳು ತಾಯಿ. ನೆಲವನ್ನೋ ಇನ್ನೇನನ್ನೋ ಎಂದಳು ಮಗಳು. ತಾಯಿ ತುತ್ತು ನಿಲ್ಲಿಸಿ, ಹಾಗೆಂದರೇನು, ಬಿಡಿಸಿ ಹೇಳು ಎಂದಳು. ಮಗಳು ಎದ್ದುಹೋಗಲು ನೋಡಿದಳು. ಆದರೆ ಅವಳು ಹೋಗಬೇಕಾದರೆ ಅಜ್ಜಿಯೂ ಏಳಬೇಕಿತ್ತು, ಅಜ್ಜಿ ಏಳಲಿಲ್ಲ. ಹಾಗಾಗಿ ಜಗಳದ ನಡುವೆಯೇ ಮೂವರೂ ಮಂಡಿಗೆ ಮಂಡಿ ತಾಗಿಸಿಕೊಂಡೇ ಊಟ ಮುಗಿಸಿದರು.

ಮಾರನೇ ದಿನ ಸೊಸೆ ಆಸ್ಪತ್ರೆಗೆ ಹೋದ ಮೇಲೆ ಅಜ್ಜಿ ಒಳ್ಳೆಯ ಚಪ್ಪಲಿ ಹಾಕಿಕೊಂಡು ಬಸ್ಸು ಹತ್ತಿದರು.

ಅಂಗಡಿ ಅಷ್ಟೇನೂ ದೊಡ್ಡದಲ್ಲ. ಗೋಡೆಗೆ ಒರಗಿಸಿದ ಹಲಗೆಗಳು, ಸುರುಳಿ ಸುತ್ತಿಟ್ಟ ವಿನೈಲು, ಮರದ ಹೊಟ್ಟಿನ ವಾಸನೆ. ಅಂಗಡಿಯವನಿಗೆ ನಲವತ್ತೈದರ ಆಸುಪಾಸು. ತೆಳ್ಳಗಿದ್ದ, ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ. ಅಜ್ಜಿ ಗಿರಾಕಿಯಂತೆ ಒಂದೊಂದೇ ಪ್ರಶ್ನೆ ಹಾಕುತ್ತ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿಕೊಂಡರು. ಉಗುರು ಸ್ವಚ್ಛವಾಗಿತ್ತು. ಮಾತಿನಲ್ಲಿ ಸೋಗು ಇರಲಿಲ್ಲ. ಮರ ಎಷ್ಟು ವರ್ಷ ಬಾಳುತ್ತೆ ಎಂದು ಕೇಳಿದರೆ, ನೋಡಿಕೊಂಡರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತೆ, ನೋಡಿಕೊಳ್ಳದಿದ್ದರೆ ನನ್ನನ್ನು ಬೈತೀರಿ ಎಂದ. ಅಜ್ಜಿಗೆ ಉತ್ತರ ಹಿಡಿಸಿತು. ಆಗ ಮೆಲ್ಲಗೆ, ನಮ್ಮ ಸೊಸೆ ಇಲ್ಲಿಗೆ ಬರುತ್ತಿರುತ್ತಾಳೆ ಎಂದು, ಅವಳ ಗುರುತು ಹೇಳಿದರು.

ಅಂಗಡಿಯವನ ಮುಖ ಅರಳಿತು. ಕುರ್ಚಿ ತಂದು ಹಾಕಿ, ಒರೆಸಿ, ಅಜ್ಜಿಯನ್ನು ಕೂರಿಸಿದ.

"ನೀವೇ ಬಂದಿದ್ದು ಒಳ್ಳೇದಾಯ್ತಮ್ಮ. ನಾನೇ ಬಂದು ಮಾತಾಡ್ಲಾ ಅಂತ ಕೇಳಿದ್ದೆ. ಅವರು ಬೇಡ ಅಂದ್ರು. ನಿಮ್ಮ ಹತ್ರ ಹೇಳೋಕೆ ಅವರಿಗೆ ಸಂಕೋಚ."

"ಏನು ಹೇಳೋಕೆ?"

"ಅದನ್ನ ಅವರ ಬಾಯಲ್ಲೇ ಕೇಳಿದ್ರೆ ಚೆನ್ನ. ನನ್ನ ಕಡೆಯಿಂದ ಏನೂ ಅಡ್ಡಿ ಇಲ್ಲ. ಅವರು ಬಂದ್ರೆ ನಮಗೆ ದೊಡ್ಡ ಆಸರೆ. ಮನೇಲಿ ಒಪ್ಪಬೇಕು, ಅಷ್ಟೇ."

ಅಜ್ಜಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಂದರೂ ಹೊರಗೆ ಏನಿತ್ತೆಂದು ನೋಡಲಿಲ್ಲ. ಇಳಿಯಬೇಕಾದ ನಿಲ್ದಾಣ ದಾಟಿ ಹೋಯಿತು. ನಡೆದುಕೊಂಡು ಹಿಂದಕ್ಕೆ ಬರುತ್ತ ಮಗನನ್ನು ನೆನೆದರು. ಸೊಸೆಗೆ ಈಗ ನಲವತ್ತೆರಡು. ಆರು ವರ್ಷದಲ್ಲಿ ಅವಳು ಒಂದು ದಿನವೂ ಇದು ಬೇಕು ಅಂದವಳಲ್ಲ. ಮೊಮ್ಮಗಳು ಒಂದಷ್ಟು ದಿನ ಕೂಗಾಡುತ್ತಾಳೆ, ಆಮೇಲೆ ಸರಿಹೋಗುತ್ತಾಳೆ. ತಾನು? ಮನೆ ತನ್ನದು, ಪಿಂಚಣಿ ಬರುತ್ತದೆ. ಸಂಜೆ ಬಾಗಿಲು ತಟ್ಟುವವರು ಇರುವುದಿಲ್ಲ, ಅಷ್ಟೇ ತಾನೇ. ಮನೆಗೆ ಬಂದು, ಬೀಗ ತಾವೇ ತೆಗೆದುಕೊಂಡು ಒಳಗೆ ಹೋದರು.

ಸಂಜೆ ಸೊಸೆ ಆಲೂಗಡ್ಡೆ ಸುಲಿಯುತ್ತಿದ್ದಳು. ಮೊಮ್ಮಗಳು ಮುನಿಸಿಕೊಂಡೇ ಪಕ್ಕದಲ್ಲಿ ಓದುತ್ತಿದ್ದಳು. ಅಜ್ಜಿ ಇಬ್ಬರ ಎದುರಿಗೂ ಹೇಳುವುದೇ ಸರಿ ಎಂದುಕೊಂಡು ಕೂತರು.

"ನೋಡಮ್ಮ. ನೀನು ಇನ್ನೊಂದು ಮದುವೆ ಆಗೋದಾದ್ರೆ ನನ್ನ ಅಡ್ಡಿ ಏನೂ ಇಲ್ಲ. ಮನುಷ್ಯ ಒಳ್ಳೆಯವನ ಹಾಗೆ ಕಾಣ್ತಾನೆ. ನನ್ನ ಬಗ್ಗೆ ಯೋಚನೆ ಮಾಡಬೇಡ."

ಮೊಮ್ಮಗಳ ಪುಸ್ತಕ ಕೆಳಗೆ ಬಿತ್ತು. ಸೊಸೆ ಕೈಯಲ್ಲಿ ಆಲೂಗಡ್ಡೆ ಹಿಡಿದುಕೊಂಡೇ ಅತ್ತೆಯ ಮುಖ ನೋಡಿದಳು. ಯಾರು ಎಂದು ಕೇಳಿದಳು. ಅಂಗಡಿಯವನು ಎಂದರು ಅಜ್ಜಿ. ಸೊಸೆ ನಗಲು ಶುರುಮಾಡಿದಳು. ನಕ್ಕೂ ನಕ್ಕೂ ಫ್ರಿಜ್ಜಿಗೆ ಒರಗಿ, ಕೊನೆಗೆ ನೆಲದ ಮೇಲೆ ಕೂತೇಬಿಟ್ಟಳು. ಆಮೇಲೆ ನಗು ನಿಂತಿತು. ಅಂಗೈಯಿಂದ ಕಣ್ಣೊರೆಸಿಕೊಂಡಳು. ಅಳುವೋ ನಗುವೋ ಅಜ್ಜಿಗೆ ಗೊತ್ತಾಗಲಿಲ್ಲ.

"ನೀವು ಈ ಮಾತು ಆಡ್ತೀರ ಅಂತ ನಾನು ಕನಸಲ್ಲೂ ಅಂದ್ಕೊಂಡಿರಲಿಲ್ಲ ಅತ್ತೆ," ಅಂದಳು. "ಆದರೆ ನಾನು ಅಲ್ಲಿಗೆ ಹೋಗ್ತಿರೋದು ಆ ಮನುಷ್ಯನಿಗೋಸ್ಕರ ಅಲ್ಲ. ಕೆಲಸ ಕಲಿಯೋಕೆ."

"ಯಾವ ಕೆಲಸ?"

"ನೆಲ ಹಾಸೋ ಕೆಲಸ."

ಮೊದಲ ಸಲ ಹೋದಾಗಲೇ ಅಲ್ಲಿಯ ಮೇಸ್ತ್ರಿ ಒಂದು ಹಲಗೆಯ ಅಂಚಿನ ನಾಲಿಗೆಯನ್ನು ಇನ್ನೊಂದರ ತೋಡಿನೊಳಗೆ ಕೂರಿಸಿ, ಒಂದೇ ಏಟಿಗೆ ಸಂದು ಕಾಣದಂತೆ ಸೇರಿಸುವುದನ್ನು ನೋಡಿದಳಂತೆ. ತಾನೂ ಒಂದು ಏಟು ಹಾಕಲೇ ಎಂದು ಕೇಳಿದಳಂತೆ. ಮೇಸ್ತ್ರಿ ಬೈದು ಬೈದೇ ಕಲಿಸುತ್ತಾನಂತೆ. ಬಸ್ಸಿನಿಂದ ಮಗಳು ನೋಡಿದ ದಿನ, ತಾನು ಅಳತೆ ಹಿಂದುಮುಂದು ಮಾಡಿ ಒಳ್ಳೆಯ ಹಲಗೆಯನ್ನು ಗಿಡ್ಡ ಮಾಡಿದ್ದಕ್ಕೆ ಎಲ್ಲರೂ ನಗುತ್ತಿದ್ದರಂತೆ. ಮೇಸ್ತ್ರಿಗೆ ಮಂಡಿನೋವು, ಹೆಚ್ಚು ಕಾಲ ಮಾಡಲಾರ. ಅಂಗಡಿಯವನು ಕೆಲಸಕ್ಕೆ ಬಾ ಎಂದು ಕರೆದಿದ್ದಾನೆ.

"ಮತ್ತೆ ಆಸ್ಪತ್ರೆ ಕೆಲಸ?"

"ಬಿಡ್ತೀನಿ."

ಮದುವೆಗೆ ತೆರೆದಿದ್ದ ಅಜ್ಜಿಯ ಮನಸ್ಸು ಆ ಒಂದು ಮಾತಿಗೆ ಪಟಾರನೆ ಮುಚ್ಚಿತು. ಕಾಯಂ ಕೆಲಸ, ನೆರಳಲ್ಲಿ ಕೂತು ಮಾಡುವ ಕೆಲಸ, ಪಿಂಚಣಿ ಬರುವ ಕೆಲಸ, ಅದನ್ನು ಬಿಟ್ಟು ಊರವರ ಮನೆಯಲ್ಲಿ ಮಂಡಿಯೂರುವುದೇ? ಬೇಕಾದರೆ ಮದುವೆಯಾಗು, ಇಬ್ಬರನ್ನು ಆಗು, ಕೆಲಸ ಮಾತ್ರ ಬಿಡಬೇಡ ಎಂದರು. ಸೊಸೆ ಎದ್ದು ನಿಂತು, ದಿನಕ್ಕೆ ನೂರಾರು ಜನರ ಹೆಸರು ಬರೆಯುತ್ತೇನೆ, ಸಂಜೆ ಒಬ್ಬರ ಮುಖವೂ ನೆನಪಿರುವುದಿಲ್ಲ, ಅಲ್ಲಿ ಕೂತು ಕೂತು ನನಗೇ ನಾನು ನೆನಪಿರುವುದಿಲ್ಲ ಎಂದಳು. ಮೊಮ್ಮಗಳು ಅಷ್ಟರಲ್ಲಿ ಪೂರಾ ತಾಯಿಯ ಕಡೆಗೆ ವಾಲಿದ್ದಳು. ಗಂಡಸು ಯಾರೂ ಇಲ್ಲವೆಂದು ತಿಳಿದ ಖುಷಿಗೆ, ಅಮ್ಮ ಬಾವಿ ತೋಡುತ್ತೇನೆ ಎಂದಿದ್ದರೂ ಹೂಂ ಎನ್ನುತ್ತಿದ್ದಳು.

ಆ ವಾರವೆಲ್ಲ ಅತ್ತೆ ಸೊಸೆಗೆ ನೇರ ಮಾತಿರಲಿಲ್ಲ. ಉಪ್ಪು ಬೇಕಾದರೂ ಮೊಮ್ಮಗಳ ಮೂಲಕವೇ ಸಾಗಿತು. ಅಷ್ಟು ಸಣ್ಣ ಮೇಜಿನಲ್ಲಿ ಅದು ನಡೆಯುವ ಮಾತೇ? ಉಪ್ಪಿನ ಡಬ್ಬಿ ಒಬ್ಬರ ಮೊಣಕೈಯ ಹತ್ತಿರವೇ ಇರುತ್ತಿತ್ತು. ಮೊಮ್ಮಗಳಿಗೆ ಸಾಕಾಯಿತು. ಕಡೆಗೊಂದು ದಿನ ಅವಳು, "ಅಜ್ಜಿ, ನಮ್ಮ ಮನೆ ನೆಲ ಇನ್ನೂ ಬರೀ ಸಿಮೆಂಟು. ಅದನ್ನೇ ಅಮ್ಮ ಹಾಸಲಿ. ನೋಡಿ ಆಮೇಲೆ ಜಗಳ ಆಡು," ಅಂದಳು.

ಅಜ್ಜಿ ಯೋಚಿಸಿದರು. ಹೇಗೆ ಹಾಸುತ್ತಾಳೆಂದು ನೋಡುವ ಕುತೂಹಲ ಅವರಿಗೂ ಇತ್ತು, ಅದನ್ನು ಒಪ್ಪಿಕೊಳ್ಳಲಿಲ್ಲ ಅಷ್ಟೇ. ಹಾಗಿದ್ದರೆ ವಿನೈಲು ಹಾಸಲಿ, ಕೆಟ್ಟರೆ ಹೆಚ್ಚು ನಷ್ಟವಿಲ್ಲ ಎಂದರು. ಸೊಸೆ ಒಪ್ಪಲಿಲ್ಲ. ವಿನೈಲು ಕೆಟ್ಟದ್ದಲ್ಲ, ಸ್ನಾನದ ಮನೆಗೆ ಹೋಗುವ ದಾರಿಗೆ ಅದೇ ಸರಿ, ಅಲ್ಲಿ ಅದನ್ನೇ ಹಾಕುತ್ತೇನೆ ಎಂದಳು.

"ಆದರೆ ಈ ಕೋಣೆಗೆ ಮರವೇ, ಕೆಟ್ರೆ ತೆಗೆದು ಸರಿಮಾಡಬಹುದು. ವಿನೈಲಾದ್ರೆ ಚಾಕು ಹಿಡಿಯೋಕೆ ಬರೋರೆಲ್ಲ ಹಾಸ್ತಾರೆ ಅತ್ತೆ. ಅದನ್ನ ಚೆನ್ನಾಗಿ ಹಾಸಿದ್ರೂ ನೀವು, ಇದೇನು ಮಹಾ ಅಂತೀರಿ."

ಹೌದು, ಅಂತಿದ್ದೆ ಎಂದು ಅಜ್ಜಿಗೆ ಅನ್ನಿಸಿತು. ಮರಕ್ಕೆ ಒಪ್ಪಿದರು.

ಮರ ಹಾಸುವ ಮೊದಲು ಸಿಮೆಂಟು ಪೂರ್ತಿ ಆರಿದೆಯೇ ಎಂದು ನೋಡಬೇಕಿತ್ತು. ಸೊಸೆ ಒಂದು ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಒಂದೆರಡು ದಿನ ಯಾರೂ ಮುಟ್ಟಬಾರದು, ಒಳಗೆ ಹನಿ ಕಟ್ಟಿದರೆ ಇನ್ನೂ ಪಸೆ ಇದೆ ಎಂದರ್ಥ ಎಂದು ಹೇಳಿ ಕೆಲಸಕ್ಕೆ ಹೋದಳು. ಅಜ್ಜಿ ಮಧ್ಯಾಹ್ನದವರೆಗೆ ತಡೆದರು. ಆಮೇಲೆ ಒಂದು ಮೂಲೆ ಎತ್ತಿ ಇಣುಕಿದರು. ಪರೀಕ್ಷೆ ಹಾಳಾಯಿತು. ಎರಡನೇ ಸಲ ಸೊಸೆ ಅದರ ಮೇಲೆ ಕುರ್ಚಿ ಕವುಚಿ ಹಾಕಿ ಹೋದಳು. ಆ ಸಲ ಹನಿ ಕಟ್ಟಿತು. ಇನ್ನೊಂದಿಷ್ಟು ದಿನ ಕಿಟಕಿ ತೆರೆದಿಟ್ಟು, ಫ್ಯಾನು ಹಾಕಿ ಕಾದರು. ಮೂರನೇ ಸಲ ಹಾಳೆಯ ಅಡಿ ಒಣಗಿತ್ತು.

ಹಲಗೆಗಳು ಬಂದವು. ಬಂದ ಕೂಡಲೇ ಹಾಸುವಂತಿಲ್ಲ, ಕಟ್ಟು ಬಿಚ್ಚಿ ಕೋಣೆಯಲ್ಲೇ ಹರಡಿಡಬೇಕು, ಈ ಮನೆಯ ಗಾಳಿಗೆ ಅವು ಹೊಂದಿಕೊಳ್ಳಬೇಕು ಎಂದಳು ಸೊಸೆ.

"ಎಷ್ಟು ದಿನ?"

"ಒಂದು ವಾರ ಆದ್ರೂ ಬೇಕು."

"ಹೊಸ ಸೊಸೆಗೂ ಇಷ್ಟು ದಿನ ಕೊಡಲಿಲ್ಲವಲ್ಲೇ ನಾವು."

"ಎಲ್ಲಿ ಕೊಟ್ರಿ? ಮಾರನೇ ಬೆಳಿಗ್ಗೇನೇ ಅಡುಗೆಮನೆ ಒಪ್ಪಿಸಿದ್ರಿ," ಅಂದಳು ಸೊಸೆ. ಅವರಿಬ್ಬರ ನೇರ ಮಾತು ಮತ್ತೆ ಶುರುವಾದದ್ದು ಹಾಗೆ.

ಅವಳು ರಜೆ ಹಾಕಿ ಕೆಲಸಕ್ಕೆ ಇಳಿದಳು. ಹಳೇ ಬಟ್ಟೆ, ಮಂಡಿಗೆ ಕಟ್ಟಿದ ಮೆತ್ತೆ, ಕಿವಿಯ ಹಿಂದೆ ಪೆನ್ಸಿಲ್. ರಸಮಟ್ಟ ಇಟ್ಟು ನೆಲ ಸಮವಿದೆಯೇ ಎಂದು ನೋಡಿದಳು, ದಾರ ಎಳೆದು ಮೊದಲ ಸಾಲು ಕೂರಿಸಿದಳು. ಆ ಒಂದು ಸಾಲಿಗೇ ಅರ್ಧ ದಿನ ಹಿಡಿಯಿತು. ಅಜ್ಜಿ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಮೊದಲು ನೋಡುವುದಕ್ಕೆ, ಆಮೇಲೆ ಹಲಗೆ ಎತ್ತಿಕೊಡುವುದಕ್ಕೆ, ಆಮೇಲೆ ಈ ಹಲಗೆಯ ಗಂಟು ಆ ಹಲಗೆಯ ಗಂಟಿನ ಪಕ್ಕ ಬರಬಾರದು ಎಂದು ಹೇಳುವುದಕ್ಕೆ. ಸೊಸೆ ಕೆಲವು ಮಾತು ಕೇಳಿದಳು, ಕೆಲವು ಕೇಳದವಳಂತೆ ಇದ್ದಳು. ಅಡುಗೆ ಮೊಮ್ಮಗಳ ಪಾಲಿಗೆ ಬಂತು. ದಿನಾ ಬ್ರೆಡ್ಡು, ದಿನಾ ಮೊಟ್ಟೆ, ಯಾರೂ ದೂರಲಿಲ್ಲ.

ಕೊನೆಯ ಹಲಗೆ ಕೂತ ದಿನ ಮೂವರೂ ಸೋಫಾ ಎಳೆದು ತಂದು, ಅಡುಗೆಮನೆಯಿಂದ ಬಿಡುಗಡೆಯಾಗಿ, ಕಾಲು ಚಾಚಿಕೊಂಡು ಊಟ ಮಾಡಿದರು. ನೆಲ ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು. ಅಜ್ಜಿ ಚೆನ್ನಾಗಿದೆ ಎಂದರು. ಕೆಲಸದ ವಿಷಯ ಎತ್ತಲಿಲ್ಲ. ಸೊಸೆಯೂ ಎತ್ತಲಿಲ್ಲ.

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅಜ್ಜಿ ನೋಡುತ್ತಾರೆ, ಕಿಟಕಿಯ ಹತ್ತಿರ ಒಂದು ಹೊಸ ಜಮಖಾನೆ ಹಾಸಿದೆ. ಚೆಂದದ ಜಮಖಾನೆಯೇ. ಆದರೆ ಬಿಸಿಲು ಬೀಳುವಲ್ಲಿ ಯಾಕೆ? ಅವರು ಅದನ್ನು ಪಕ್ಕಕ್ಕೆ ಸರಿಸಿದರು. ಕೆಳಗೆ ಎರಡು ಹಲಗೆ ಒಂದಕ್ಕೊಂದು ಒತ್ತಿಕೊಂಡು, ಮಲಗಿದ ಬೆಕ್ಕಿನ ಬೆನ್ನಿನಂತೆ ಉಬ್ಬಿದ್ದವು. ಕಾಲಿಟ್ಟರೆ ಕುಯ್ ಎನ್ನುತ್ತಿತ್ತು.

ಸಂಜೆ ಸೊಸೆ ಬಂದಾಗ ಜಮಖಾನೆ ಮಡಿಸಿ ಸೋಫಾದ ಮೇಲಿತ್ತು. ಅವಳು ಉಬ್ಬನ್ನೂ ಅತ್ತೆಯನ್ನೂ ನೋಡಿ, ಬ್ಯಾಗು ಹಿಡಿದುಕೊಂಡೇ ಗೋಡೆಗೆ ಒರಗಿದಳು. ಗೋಡೆಯ ಅಂಚಿನಲ್ಲಿ ಬೆರಳಗಲ ಸಂದು ಬಿಡಬೇಕಿತ್ತು, ಮರ ಹಿಗ್ಗಿದರೆ ಹೋಗಲು ಜಾಗ ಬೇಕಲ್ಲ, ಆ ಗೋಡೆಯ ಹತ್ತಿರ ನಾನು ಕಡಿಮೆ ಬಿಟ್ಟೆ, ಚೆನ್ನಾಗಿ ಕಾಣಲಿ ಅಂತ ಹಾಗೆ ಮಾಡಿದೆ ಎಂದಳು. ಆಮೇಲೆ, ನೀವು ಹೇಳಿದ್ದೇ ಸರಿ, ಆಸ್ಪತ್ರೆಯಲ್ಲೇ ಇರುತ್ತೇನೆ ಎಂದಳು.

ಅಜ್ಜಿಗೆ ಬೇಕಾದ ಮಾತು ಅದೇ. ವಾರಗಟ್ಟಲೆ ಕಾದಿದ್ದೂ ಅದಕ್ಕೇ. ಆದರೆ ಅವಳು ಅದನ್ನು ಹೇಳಿದ ರೀತಿ, ಬಂದವರಿಗೆ ಮುಂದಿನ ಕೌಂಟರಿಗೆ ಹೋಗಿ ಎನ್ನುವ ದನಿಯಲ್ಲಿ ಹೇಳಿದ್ದು, ಕೇಳಲು ಆಗಲಿಲ್ಲ.

"ಬೇರೆಯವರ ಮನೇಲಿ ಹೀಗಾದ್ರೆ ಏನು ಮಾಡ್ತೀಯ? ಜಮಖಾನೆ ಕೊಂಡ್ಕೊಂಡು ಹೋಗ್ತೀಯಾ?"

ಸೊಸೆ ಬ್ಯಾಗನ್ನು ಸೋಫಾದ ಮೇಲಿಟ್ಟಳು.

"ಮರ ಆದ್ರೆ ತೆಗೆದು ಸರಿಮಾಡಬಹುದು ಅಂತ ನೀನೇ ಅಂದಿದ್ದೆ. ಹಾಗಾದ್ರೆ ತೆಗಿ. ಹೇಗೆ ತೆಗೀತಾರೆ ಅಂತ ನಾನೂ ನೋಡಿಲ್ಲ."

ಮೊಮ್ಮಗಳು ಸುತ್ತಿಗೆ ತಂದು ಕೊಟ್ಟಳು. ಸೊಸೆ ಬಹಳ ಹೊತ್ತು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಆಮೇಲೆ ಬಟ್ಟೆ ಬದಲಾಯಿಸಿ ಬಂದು, ಮಂಡಿಗೆ ಮೆತ್ತೆ ಕಟ್ಟಿಕೊಂಡು, ಗೋಡೆಯ ಬುಡದ ಪಟ್ಟಿ ಬಿಡಿಸಿದಳು. ಒಂದೊಂದೇ ಹಲಗೆ ಎತ್ತುವುದು, ಹಾಸುವುದಕ್ಕಿಂತ ನಾಜೂಕಿನ ಕೆಲಸ. ನಾಲಿಗೆ ಮುರಿಯಬಾರದು. ಒಂದು ಮುರಿಯಿತು, ಉಳಿದಿದ್ದ ಹಲಗೆಯಲ್ಲಿ ಹೊಸದು ಕತ್ತರಿಸಿದಳು. ಎರಡು ಸಂಜೆ ಹಾಗೆ ಕಳೆಯಿತು. ನಡುವೆ ಮೇಸ್ತ್ರಿಗೆ ಫೋನು ಮಾಡಿದಳು. ಅವನು ಬೈದದ್ದು ಅಜ್ಜಿಗೆ ಕೋಣೆಯ ಆ ತುದಿಗೂ ಕೇಳಿಸಿತು. ಕೊನೆಯ ಸಾಲನ್ನು ಗೋಡೆಯಿಂದ ಬೆರಳಗಲ ಹಿಂದಕ್ಕೆ ಕೂರಿಸಿ, ಪಟ್ಟಿ ಹೊಡೆದು, ಎಣ್ಣೆ ಸವರಿ ಅವಳು ಎದ್ದಳು.

ಮಳೆ ಬಂದು ಹೋಯಿತು, ಬಿಸಿಲು ಬಂತು, ಮತ್ತೆ ಮಳೆ ಬಂತು. ನೆಲ ಅಲುಗಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಸೊಸೆ ಸೋಫಾದಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದಳು. ಅಜ್ಜಿ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ, ಕಿಟಕಿಯ ಹತ್ತಿರ ನಿಧಾನವಾಗಿ ಹೆಜ್ಜೆ ಸವರುತ್ತ ಓಡಾಡಿದರು. ಅಂಗಾಲಿಗೆ ಮರ ಬೆಚ್ಚಗೆ ತಾಗಿತು, ನುಣ್ಣಗಿತ್ತು. ಅತ್ತ ಹೋದರು, ಇತ್ತ ಬಂದರು, ಬಗ್ಗಿ ನೋಡಿದರು.

"ಎಲ್ಲಿತ್ತೇ ಆ ಉಬ್ಬು?"

"ಹೇಳಲ್ಲ. ಹುಡುಕಿ."

ಅಜ್ಜಿ ಇನ್ನೊಂದು ಸುತ್ತು ಬಂದರು. ಸಿಗಲಿಲ್ಲ. ಕಾಲ್ಬೆರಳಿನಿಂದ ಒಂದು ಸಂದನ್ನು ಒತ್ತಿ ನೋಡುತ್ತಲೇ, ಆಸ್ಪತ್ರೆಯವರಿಗೆ ಯಾವಾಗ ಹೇಳ್ತೀಯ ಎಂದು ಕೇಳಿದರು.

ಸೊಸೆಯ ಕೈ ಅರ್ಧ ಮಡಿಸಿದ ಟವೆಲಿನ ಮೇಲೆ ನಿಂತಿತು. ನಾಳೆ ಸೋಮವಾರ, ನಾಳೆಯೇ ಹೇಳ್ತೀನಿ ಎಂದಳು.

"ನಾಳೆ ಬೇಡ," ಅಂದರು ಅಜ್ಜಿ. "ಈ ತಿಂಗಳ ಸಂಬಳ ಕೈಗೆ ಬರಲಿ. ಅದರ ಮಾರನೇ ದಿನ ಹೇಳು."